ಬಡ್ತಿ ಪಂದ್ಯದ ಮುಂಚಿನ ವಾರ: ಮಲ್ಲವಿನೋದ, ರಹೀಂ ಸಾಹೇಬರು ಮತ್ತು ತಂಡದ ಧೈರ್ಯ

1. ಪ್ರಶ್ನೆ

ಫುಟ್‌ಬಾಲ್ ಲೀಗಿನ ಕೊನೆಯ ಎರಡು ಮೂರು ಪಂದ್ಯಗಳಿಗೆ ಬೇರೆಯದೇ ತೂಕ. ಗೆದ್ದರೆ ಮೇಲಿನ ದರ್ಜೆ, ಸೋತರೆ ಇನ್ನೊಂದು ವರ್ಷ ಇದ್ದಲ್ಲೇ. ಋತುವಿಡೀ ಸಲೀಸಾಗಿ ಪಾಸ್ ಕೊಟ್ಟವನ ಕಾಲು ಆ ದಿನ ಬಿಗಿಯುತ್ತದೆ. ಗೋಲಿನ ಮುಂದೆ ಚೆಂಡು ಸಿಕ್ಕರೂ ಪಕ್ಕದವನಿಗೆ ದಾಟಿಸುವ ಚಾಳಿ ಹುಟ್ಟುತ್ತದೆ. ಇಂಥ ಹೊತ್ತಿನಲ್ಲಿ ತಂಡದ ಧೈರ್ಯವನ್ನು ಕಾಯುವ ಬಗೆ ಯಾವುದು? ಹಿಂದಿನ ರಾತ್ರಿ ತರಬೇತುದಾರ ಆವೇಶದಿಂದ ಮಾತಾಡಬೇಕು ಎಂಬುದು ರೂಢಿಯ ಉತ್ತರ. ಆ ಉತ್ತರ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂದು ಪರೀಕ್ಷಿಸುವುದು ಈ ಟಿಪ್ಪಣಿಯ ಉದ್ದೇಶ.

ಪರೀಕ್ಷೆಗೆ ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆಯನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಮಲ್ಲರನ್ನು ದರ್ಜೆವಾರು ವಿಂಗಡಿಸಿ, ಉಣಿಸಿ, ಪಳಗಿಸಿ ಕಣಕ್ಕೆ ಇಳಿಸುವ ಕ್ರಮವನ್ನು ಬರೆದಿಟ್ಟ ಹನ್ನೆರಡನೆಯ ಶತಮಾನದ ಗ್ರಂಥವೊಂದು ಕಲ್ಯಾಣದ ಅರಮನೆಯಲ್ಲೇ ಹುಟ್ಟಿತು. ಇದು ಮೊದಲನೆಯದು. ಎರಡನೆಯದಾಗಿ, 1956ರ ನವೆಂಬರ್ 1ರವರೆಗೆ ಈ ಎರಡೂ ಊರುಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಭಾರತದ ಫುಟ್‌ಬಾಲ್ ಕಂಡ ಅತ್ಯಂತ ಯಶಸ್ವಿ ತರಬೇತುದಾರ ಸೈಯದ್ ಅಬ್ದುಲ್ ರಹೀಂ ಕೆಲಸ ಮಾಡಿದ್ದು ಆ ರಾಜ್ಯದ ರಾಜಧಾನಿಯಲ್ಲಿ. ಹುಮನಾಬಾದನ್ನು ಹಾದು ಸಸ್ತಾಪುರ ಬಂಗ್ಲಾದ ಕಡೆಗೆ ಸಾಗುವ ಹೆದ್ದಾರಿ ಇಂದಿಗೂ ಹೈದರಾಬಾದ್–ಪುಣೆ ಹೆದ್ದಾರಿಯೇ. ಇಲ್ಲಿಂದ ಬೆಂಗಳೂರು ಹೈದರಾಬಾದಿನ ಮೂರು ಪಟ್ಟಿಗೂ ಹೆಚ್ಚು ದೂರ.

ಇಲ್ಲಿನ ಶಾಲೆಯ ಹುಡುಗ ಹುಡುಗಿಯರಿಗೆ ಬಡ್ತಿಯೆಂದರೆ ಕ್ರೀಡಾಕೂಟದ ಮೆಟ್ಟಿಲು: ತಾಲ್ಲೂಕು, ಜಿಲ್ಲೆ, ಕಲಬುರಗಿ ವಿಭಾಗ, ಆಮೇಲೆ ರಾಜ್ಯ. ಒಂದು ಸೋಲು ಬಿದ್ದರೆ ಆ ವರ್ಷದ ಆಟ ಮುಗಿಯಿತು. ಆದ್ದರಿಂದ ಈ ಪ್ರಶ್ನೆ ದೊಡ್ಡ ಕ್ಲಬ್ಬುಗಳದ್ದಾಗಿರುವಷ್ಟೇ ಇಲ್ಲಿನ ಪಿ.ಟಿ. ಮಾಸ್ತರರದೂ ಹೌದು.

2. ಆಕರಗಳು ಮತ್ತು ಎಚ್ಚರ

ಟಿಪ್ಪಣಿಗೆ ಮೂರು ಬಗೆಯ ಸಾಮಗ್ರಿಯಿದೆ: ಹಳೆಯ ಗ್ರಂಥ ಮತ್ತು ಜಾತ್ರೆಯ ರೂಢಿ, ಪಂದ್ಯಗಳ ದಾಖಲೆ, ಮನೋವಿಜ್ಞಾನದ ಪ್ರಯೋಗಗಳು. ಮೂರಕ್ಕೂ ಒಂದೇ ಬೆಲೆ ಕಟ್ಟಲಾಗದು. ಆಟಗಾರರ ನೆನಪುಗಳು ಬಹುಪಾಲು ಗೆದ್ದ ಮೇಲೆ ಹೇಳಿದವು. ಸೋತಿದ್ದರೆ ಅದೇ ಮಾತು, ಅದೇ ರಾತ್ರಿ ಯಾರಿಗೂ ನೆನಪಿರುತ್ತಿರಲಿಲ್ಲ. ರಹೀಂ ಅವರ ಬದುಕನ್ನು ಆಧರಿಸಿ 2024ರಲ್ಲಿ ತೆರೆಕಂಡ ಹಿಂದಿ ಚಿತ್ರ ‘ಮೈದಾನ್’ ಅನ್ನು ಇಲ್ಲಿ ಆಕರವಾಗಿ ಬಳಸಿಲ್ಲ. ಮಲ್ಲವಿದ್ಯೆಗೂ ರಹೀಂ ಅವರ ತರಬೇತಿಗೂ ವಂಶಾವಳಿಯ ನಂಟಿದೆ ಎಂಬ ವಾದವೂ ಇಲ್ಲಿಲ್ಲ. ಎರಡೂ ಕಡೆ ಒಂದೇ ತತ್ವ ಕೆಲಸ ಮಾಡಿದೆ ಎಂಬುದಷ್ಟೇ ಇಲ್ಲಿನ ಹೇಳಿಕೆ.

3. ಕಲ್ಯಾಣದ ಮಲ್ಲವಿನೋದ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದ. ಅವನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ರಾಜನೀತಿಯಿಂದ ಅಡುಗೆಯವರೆಗೆ, ಆನೆ ಹಿಡಿಯುವುದರಿಂದ ಸಂಗೀತದವರೆಗೆ ಎಲ್ಲವನ್ನೂ ವಿವರಿಸುವ ವಿಶ್ವಕೋಶ. ಅದರ ವಿನೋದಗಳ ಭಾಗದಲ್ಲಿ ಮಲ್ಲಯುದ್ಧಕ್ಕೆ ಪ್ರತ್ಯೇಕ ಜಾಗವಿದೆ.

ಅಲ್ಲಿ ಕಣ್ಣಿಗೆ ಬೀಳುವ ಮೊದಲ ಸಂಗತಿ ದರ್ಜೆ. ಮಲ್ಲರನ್ನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಳ ಎಂದು ಮೈಕಟ್ಟು ಮತ್ತು ಕಸುವಿನ ಮೇಲೆ ವಿಂಗಡಿಸಲಾಗಿದೆ. ವಯಸ್ಸಿನ ಲೆಕ್ಕವೂ ಇದೆ. ಎರಡನೆಯದು ಪೋಷಣೆ: ಮಲ್ಲರ ಆಹಾರ ಮತ್ತು ವ್ಯಾಯಾಮದ ವಿವರ ಗ್ರಂಥದಲ್ಲೇ ಬಂದಿದೆ, ಅವರನ್ನು ಸಾಕುವ ಹೊಣೆ ಅರಸನದು. ಮೂರನೆಯದು ನಿತ್ಯದ ಅಭ್ಯಾಸ. ಅರಸನ ಮುಂದಿನ ಕಾಳಗ ಬರುವುದು ಇವೆಲ್ಲ ಆದಮೇಲೆ.

ಧೈರ್ಯದ ದೃಷ್ಟಿಯಿಂದ ಈ ಅನುಕ್ರಮವನ್ನು ಗಮನಿಸಬೇಕು. ಕಣಕ್ಕೆ ಇಳಿಯುವ ಮಲ್ಲನಿಗೆ ತಾನು ಯಾವ ದರ್ಜೆಯವನು, ತನ್ನ ಎದುರು ಎಂಥವನು ಬರುತ್ತಾನೆ ಎಂಬುದು ಮೊದಲೇ ಗೊತ್ತು. ಊಟದ ಚಿಂತೆ ಅವನದಲ್ಲ. ಅಭ್ಯಾಸ ಮೈಗೂಡಿದೆ. ಉಳಿದಿರುವುದು ಹಿಡಿತ ಮತ್ತು ಬಿಡಿತ ಮಾತ್ರ. ಭಯಕ್ಕೆ ಮೇವಾಗುವ ಅನಿಶ್ಚಿತತೆಗಳಲ್ಲಿ ಹಲವನ್ನು ವ್ಯವಸ್ಥೆಯೇ ಮುಂಚಿತವಾಗಿ ತೆಗೆದುಹಾಕಿದೆ.

4. ತೆಂಗಿನಕಾಯಿಯಿಂದ ಬೆಳ್ಳಿ ಕಡಗದವರೆಗೆ

ಗ್ರಂಥ ಅರಮನೆಯದಾದರೂ ತತ್ವ ಊರಿನಲ್ಲಿ ಉಳಿದಿದೆ. ಬೀದರ್ ಮತ್ತು ಕಲಬುರಗಿ ಸೀಮೆಯ ಜಾತ್ರೆಗಳಲ್ಲಿ ಇಂದಿಗೂ ಜಂಗಿ ಪೈಲವಾನರ ಕುಸ್ತಿ ನಡೆಯುತ್ತದೆ. ರಥೋತ್ಸವದ ಮರುದಿನವೋ ಅದರಾಚೆಯ ದಿನವೋ ಮಧ್ಯಾಹ್ನ ಹಲಗೆ ಬಡಿದು ಕಣ ತೆರೆಯುತ್ತಾರೆ. ಮೊದಲು ಇಳಿಯುವವರು ಚಿಕ್ಕ ಹುಡುಗರು, ಅವರ ಕುಸ್ತಿಗೆ ಇನಾಮು ಒಂದು ತೆಂಗಿನಕಾಯಿ. ಆಮೇಲೆ ಸಣ್ಣ ಮೊತ್ತದ ನಗದು, ನಂತರ ಅದಕ್ಕಿಂತ ದೊಡ್ಡದು. ಸಂಜೆಯ ಕೊನೆಯ ಜೋಡಿಗೆ ಬೆಳ್ಳಿ ಕಡಗ. ಜೋಡಿ ಕಟ್ಟುವವರು ಊರ ಹಿರಿಯರು ಮತ್ತು ವಸ್ತಾದರು. ಇಬ್ಬರನ್ನೂ ಎದುರು ನಿಲ್ಲಿಸಿ, ಮೈ ನೋಡಿ, ಸರಿಸಾಟಿ ಎನಿಸಿದರೆ ಮಾತ್ರ ಕೈ ಕೂಡಿಸುತ್ತಾರೆ.

ಕಡಗದ ಕುಸ್ತಿಗೆ ಬಂದ ಪೈಲವಾನ ಹತ್ತು ವರ್ಷದವನಿದ್ದಾಗ ಅಂಥದ್ದೇ ಜನರ ನಡುವೆ, ಅಂಥದ್ದೇ ಹಲಗೆಯ ಸದ್ದಿನಲ್ಲಿ ತೆಂಗಿನಕಾಯಿಗಾಗಿ ಬಿದ್ದೆದ್ದವನು. ನೆರೆದ ಜನರ ಕಣ್ಣು ಅವನಿಗೆ ಹೊಸದಲ್ಲ, ನಾಲ್ಕು ಜನರ ಮುಂದೆ ಬೆನ್ನು ಮಣ್ಣಿಗೆ ತಾಗುವುದೂ ಹೊಸದಲ್ಲ. ಸೋಲು ಹೇಗಿರುತ್ತದೆ ಎಂದು ಕಡಿಮೆ ಬೆಲೆಯಲ್ಲಿ ಮೊದಲೇ ಅರಿತವನನ್ನು ದೊಡ್ಡ ಪಣ ಅಷ್ಟಾಗಿ ಹೆದರಿಸುವುದಿಲ್ಲ. ಪಣವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಈ ಕ್ರಮವನ್ನು ಕ್ರೀಡಾ ಮನೋವಿಜ್ಞಾನ ತನ್ನ ದಾರಿಯಲ್ಲಿ ಬಹಳ ತಡವಾಗಿ ಕಂಡುಕೊಂಡಿತು. ಆ ಮಾತು ಆರನೆಯ ಭಾಗದಲ್ಲಿ ಬರುತ್ತದೆ.

5. ರಹೀಂ ಸಾಹೇಬರ ತರಬೇತಿ ಮತ್ತು ಜಕಾರ್ತ, 1962

1909ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ರಹೀಂ ವೃತ್ತಿಯಿಂದ ಶಾಲಾ ಶಿಕ್ಷಕರು. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಅವರ ಕೈಕೆಳಗೆ ಭಾರತ 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಪಡೆಯಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು, 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಮತ್ತೆ ಚಿನ್ನ ಗೆದ್ದಿತು. 1963ರ ಜೂನ್ 11ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು.

ಅವರು ನಡೆಸುತ್ತಿದ್ದ ಎರಡು ಬಗೆಯ ಪಂದ್ಯಾವಳಿಗಳು ಈ ಟಿಪ್ಪಣಿಗೆ ಮುಖ್ಯ. ಒಂದರಲ್ಲಿ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವಂತಿಲ್ಲ, ಬಂದ ಕೂಡಲೇ ದಾಟಿಸಬೇಕು. ಇನ್ನೊಂದರಲ್ಲಿ ಆಟಗಾರ ತನ್ನ ದುರ್ಬಲ ಕಾಲಿನಿಂದಲೇ ಆಡಬೇಕು. ಇವುಗಳ ತಾಂತ್ರಿಕ ಲಾಭವನ್ನು ಫುಟ್‌ಬಾಲ್ ಬರಹಗಾರರು ಗುರುತಿಸಿದ್ದಾರೆ. ಮಾನಸಿಕ ಲಾಭವೂ ಅಷ್ಟೇ ದೊಡ್ಡದು. ಎಡಗಾಲಲ್ಲಿ ಮಾತ್ರ ಆಡುವ ಪಂದ್ಯದಲ್ಲಿ ಎಲ್ಲರೂ ತಪ್ಪುತ್ತಾರೆ, ತಂಡದ ತಾರೆಯೂ ಚೆಂಡನ್ನು ಹೊರಗೆ ಹೊಡೆಯುತ್ತಾನೆ. ತಪ್ಪಿಗೆ ಅಂಟಿಕೊಂಡ ನಾಚಿಕೆ ಅಲ್ಲಿ ಕಳಚುತ್ತದೆ. ಚೆಂಡನ್ನು ಬೇಗ ದಾಟಿಸುವ ರೂಢಿ ಬಿದ್ದವನಿಗೆ, ಒತ್ತಡದ ದಿನ ಚೆಂಡು ಕಾಲಿಗೆ ಬಂದಾಗ ಯೋಚಿಸಿ ಹೆದರಲು ಸಮಯವೇ ಉಳಿಯುವುದಿಲ್ಲ.

ಆಟದಾಚೆಯ ಚಿಂತೆಯನ್ನೂ ಅವರು ನೋಡಿಕೊಳ್ಳುತ್ತಿದ್ದರು. ಸಿಕಂದರಾಬಾದ್ ಬಳಿಯ ಅಮ್ಮುಗುಡದ ಬಡ ಮನೆಯಿಂದ ಬಂದ ತುಳಸೀದಾಸ್ ಬಲರಾಮ್ ಅಭ್ಯಾಸಕ್ಕೆ ಹೈದರಾಬಾದಿಗೆ ಬಂದುಹೋಗಲು ದುಡ್ಡಿಲ್ಲ ಎಂದಾಗ, ಬಾಡಿಗೆ ಸೈಕಲ್ಲಿನ ಖರ್ಚನ್ನು ರಹೀಂ ತಾವೇ ಕೊಟ್ಟರೆಂದು ಬಲರಾಮ್ ನೆನೆಯುತ್ತಿದ್ದರು. ಮಲ್ಲನ ಊಟ ಅರಸನ ಹೊಣೆ ಎಂಬ ತತ್ವ ಇಲ್ಲಿ ಸೈಕಲ್ ಬಾಡಿಗೆಯ ರೂಪದಲ್ಲಿ ಕಾಣುತ್ತದೆ.

ಜಕಾರ್ತದ ಫೈನಲ್ ನಡೆದದ್ದು 1962ರ ಸೆಪ್ಟೆಂಬರ್ 4ರಂದು. ಹೆದರಲು ಬೇಕಾದ ಎಲ್ಲ ಕಾರಣಗಳೂ ಆ ದಿನ ಒಟ್ಟಿಗಿದ್ದವು. ಎದುರಾಳಿ ದಕ್ಷಿಣ ಕೊರಿಯಾ. ಅದೇ ಕೂಟದ ಮೊದಲ ಪಂದ್ಯದಲ್ಲಿ ಭಾರತ ಅವರಿಗೆ 0–2ರಿಂದ ಸೋತಿತ್ತು. ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳಿಗೆ ಇಂಡೊನೇಷ್ಯಾ ವೀಸಾ ಕೊಡದಿದ್ದುದನ್ನು ಭಾರತದ ಕ್ರೀಡಾ ಆಡಳಿತಗಾರ ಗುರುದತ್ ಸೋಂಧಿ ಟೀಕಿಸಿದ್ದರಿಂದ ಊರಿಗೆ ಊರೇ ಭಾರತದ ವಿರುದ್ಧ ಸಿಟ್ಟಾಗಿತ್ತು. ಸೆನಯಾನ್ ಕ್ರೀಡಾಂಗಣದ ಸುಮಾರು ಒಂದು ಲಕ್ಷ ಜನ ಭಾರತೀಯರನ್ನು ಗೇಲಿ ಮಾಡುತ್ತಿದ್ದರು. ರಕ್ಷಣೆಯ ಕಂಬವಾಗಿದ್ದ ಜರ್ನೈಲ್ ಸಿಂಗ್ ಅವರ ತಲೆಗೆ ಹೊಲಿಗೆ ಬಿದ್ದಿತ್ತು. ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಹೊರಗುಳಿದು ಫೈನಲ್‌ಗೆ ಮರಳಿದ್ದರು.

ಆಟಗಾರರು ಆಮೇಲೆ ಹೇಳಿದಂತೆ, ಹಿಂದಿನ ರಾತ್ರಿ ಕೆಲವರಿಗೆ ನಿದ್ದೆ ಹತ್ತದೆ ಹೊರಗೆ ಹೊರಟಾಗ ರಹೀಂ ಕೂಡ ಎಚ್ಚರವಾಗಿದ್ದರು. ಬೈಯಲಿಲ್ಲ, ಮಲಗಿರೆಂದು ಗದರಲಿಲ್ಲ. ನಾಳೆ ತನಗೊಂದು ಉಡುಗೊರೆ ಬೇಕು, ಅದು ಚಿನ್ನ ಎಂಬರ್ಥದ ಮಾತು ಹೇಳಿದರು. ರೂಢಿಯ ಕಥನದಲ್ಲಿ ಗೆಲುವಿನ ಕೀಲಿ ಈ ಮಾತೇ. ಮಾತಿಗೆ ಮುಂಚಿನ ಕೆಲಸವನ್ನು ನೋಡಿದರೆ ಬೇರೆ ಚಿತ್ರ ಮೂಡುತ್ತದೆ. ತಲೆಗೆ ಪೆಟ್ಟಾದ ಜರ್ನೈಲ್ ಅವರನ್ನು ರಹೀಂ ಸೆಮಿಫೈನಲ್ ಹೊತ್ತಿಗೇ ಮುನ್ನಡೆ ಸಾಲಿಗೆ ತಂದಿದ್ದರು. ದಕ್ಷಿಣ ವಿಯೆಟ್ನಾಂ ವಿರುದ್ಧದ ಆ 3–2ರ ಗೆಲುವಿನಲ್ಲಿ ಜರ್ನೈಲ್ ಗೋಲು ಹೊಡೆದಿದ್ದರು. ಅಂದರೆ ಫೈನಲ್‌ನಲ್ಲಿ ಅವರ ಕೆಲಸ ಹೊಸದಾಗಿರಲಿಲ್ಲ, ಒಮ್ಮೆ ಫಲಿಸಿದ್ದ ಕೆಲಸವಾಗಿತ್ತು. ಫೈನಲ್‌ನಲ್ಲಿ ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಮೊದಲ ಅರ್ಧದಲ್ಲೇ ಗೋಲು ಹೊಡೆದರು. ಕೊರಿಯಾಕ್ಕೆ ಕೊನೆಯಲ್ಲಿ ಒಂದು ಗೋಲು ದಕ್ಕಿತು. ಭಾರತ 2–1ರಿಂದ ಗೆದ್ದಿತು.

ಆ ರಾತ್ರಿಯ ಮಾತಿಗೆ ಬೆಲೆಯೇ ಇಲ್ಲ ಎನ್ನಲಾಗದು. ಸೋತರೆ ಏನಾದೀತು ಎಂಬ ಪ್ರಸ್ತಾಪವೇ ಅದರಲ್ಲಿರಲಿಲ್ಲ. ಜನರ ಸಿಟ್ಟು, ದೇಶದ ಮಾನ, ತಮ್ಮ ಕಾಯಿಲೆ ಇವು ಯಾವುದನ್ನೂ ರಹೀಂ ಹುಡುಗರ ಹೆಗಲಿಗೆ ದಾಟಿಸಲಿಲ್ಲ. ಆದರೆ ಮಾತು ಬೇರೂರಲು ಬೇಕಾದ ಮಣ್ಣು ಹನ್ನೆರಡು ವರ್ಷಗಳಿಂದ ಹದಗೊಂಡಿತ್ತು.

6. ಪ್ರಯೋಗಗಳ ಸಾಕ್ಷ್ಯ

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರ ಪ್ರಬಂಧದಲ್ಲಿ, ‘ಇದು ನನ್ನಿಂದಾಗುತ್ತದೆ’ ಎಂಬ ನಂಬಿಕೆಗೆ ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವನೇ ಮಾಡಿದ್ದನ್ನು ಕಂಡದ್ದು, ಇನ್ನೊಬ್ಬರ ಮಾತು, ಮೈಯ ಸ್ಥಿತಿಯನ್ನು ತಾನು ಅರ್ಥೈಸಿಕೊಂಡ ಬಗೆ. ಇವುಗಳಲ್ಲಿ ಸ್ವಂತ ಅನುಭವ ಎಲ್ಲಕ್ಕಿಂತ ಗಟ್ಟಿ. ಬರಿಯ ಮಾತಿನಿಂದ ಬಂದ ನಂಬಿಕೆ ಮೊದಲ ಪೆಟ್ಟಿಗೇ ಕುಸಿಯಬಲ್ಲದು. ಹಿಂದಿನ ರಾತ್ರಿಯ ಭಾಷಣ ಈ ದುರ್ಬಲ ಮೂಲಕ್ಕೆ ಸೇರಿದ್ದು.

ಪಣದ ಬಣ್ಣ ಆಟವನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ನಾರ್ವೆಯ ಗೇರ್ ಯೊರ್ಡೆಟ್ ಮತ್ತು ಎಸ್ಥರ್ ಹಾರ್ಟ್‌ಮನ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಒಳ್ಳೆಯ ಸಾಕ್ಷಿ. ದೊಡ್ಡ ಕೂಟಗಳ ಪೆನಾಲ್ಟಿ ಶೂಟೌಟ್‌ಗಳನ್ನು ಅವರು ಪರಿಶೀಲಿಸಿದರು. ಗೋಲಾದರೆ ತಂಡ ಅಲ್ಲೇ ಗೆಲ್ಲುತ್ತದೆ ಎಂಬ ಒದೆತಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಗೋಲಾದವು. ತಪ್ಪಿದರೆ ಅಲ್ಲೇ ಸೋಲು ಎಂಬ ಒದೆತಗಳಲ್ಲಿ ಆ ಪ್ರಮಾಣ 60ರ ಆಸುಪಾಸಿಗೆ ಇಳಿಯಿತು. ದೂರ ಅದೇ, ಗೋಲಿನ ಅಳತೆಯೂ ಅದೇ. ಎರಡನೆಯ ಸನ್ನಿವೇಶದವರು ಗೋಲ್‌ಕೀಪರ್‌ನಿಂದ ಮುಖ ತಿರುಗಿಸುವುದು, ಬೇಗ ಮುಗಿಸಿಬಿಡಲು ಅವಸರಪಡುವುದು ಹೆಚ್ಚಾಗಿ ಕಂಡಿತು.

ನಮ್ಮದೇ ಚರಿತ್ರೆಯಲ್ಲೂ ಪೆನಾಲ್ಟಿಯ ಕಹಿ ಪಾಠವಿದೆ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1–2ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ಪಂದ್ಯದಲ್ಲಿ ಭಾರತ ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿತ್ತು. ಅದಕ್ಕೆ ಭಯವೇ ಕಾರಣವೆಂದು ಸಾಧಿಸಲು ಬಾರದು. ತಂಡ ಆಟದಲ್ಲಿ ಸಮಬಲವಾಗಿದ್ದರೂ ಒಂದೊಂದು ಒದೆತದಲ್ಲಿ ಫಲ ತಪ್ಪಿಹೋಗುತ್ತದೆ ಎಂಬುದಕ್ಕಂತೂ ಅದು ಉದಾಹರಣೆ.

ಇನ್ನು ಮೆಟ್ಟಿಲು ತರಬೇತಿಯ ಮಾತು. ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2001ರಲ್ಲಿ ಗಾಲ್ಫ್ ಪ್ರಯೋಗವೊಂದನ್ನು ಪ್ರಕಟಿಸಿದರು. ಕ್ಯಾಮೆರಾ ತಮ್ಮನ್ನು ನೋಡುತ್ತಿದೆ ಎಂಬ ಅರಿವಿನಲ್ಲಿ ಅಭ್ಯಾಸ ಮಾಡಿದವರು ಮುಂದೆ ಒತ್ತಡದಲ್ಲಿ ಎಡವಲಿಲ್ಲ. ನೆದರ್‌ಲೆಂಡ್ಸ್‌ನ ರೌಲ್ ಔಡೆಯಾನ್ಸ್ ಮತ್ತು ರಾಬ್ ಪೈಪರ್ಸ್ 2009ರಲ್ಲಿ ಬ್ಯಾಸ್ಕೆಟ್‌ಬಾಲ್ ಮತ್ತು ಡಾರ್ಟ್ಸ್ ಆಟಗಾರರ ಮೇಲೆ ಮಾಡಿದ ಪ್ರಯೋಗವೂ ಅದನ್ನೇ ಹೇಳಿತು: ತುಸು ಆತಂಕ ಬೆರೆಸಿ ಅಭ್ಯಾಸ ಮಾಡಿಸಿದರೆ ಒತ್ತಡದ ದಿನ ಆಟ ಕೆಡುವುದಿಲ್ಲ. ತೆಂಗಿನಕಾಯಿಯ ಕುಸ್ತಿ ಮಾಡುವುದೂ ಇದನ್ನೇ.

ಒಂದು ಎಚ್ಚರಿಕೆ. ಎದೆ ಹೊಡೆದುಕೊಳ್ಳುವುದನ್ನು ಪೂರ್ತಿ ನಿಲ್ಲಿಸುವುದು ಗುರಿಯಾಗಬಾರದು. ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ಶಾಂತವಾಗಿದ್ದೇನೆ’ ಎಂದು ಹೇಳಿಕೊಂಡವರಿಗಿಂತ ‘ಹುರುಪು ಬಂದಿದೆ’ ಎಂದುಕೊಂಡವರು ಹಾಡುವುದರಲ್ಲೂ ಮಾತಾಡುವುದರಲ್ಲೂ ಮೇಲಾದರು. ಅವು ಫುಟ್‌ಬಾಲ್ ಮೈದಾನದ ಪ್ರಯೋಗಗಳಲ್ಲ. ಆದರೂ ನಡುಕವನ್ನು ಅಡಗಿಸು ಎನ್ನುವುದಕ್ಕಿಂತ ಅದು ಮೈ ಸಜ್ಜಾಗುತ್ತಿರುವ ಗುರುತು ಎಂದು ಹೇಳುವುದು ಹೆಚ್ಚು ವಿವೇಕದ ದಾರಿ.

7. ನಿಜವಾದ ಬಡ್ತಿ ಪಂದ್ಯಗಳು

ಕರ್ನಾಟಕದಲ್ಲಿ ಬಡ್ತಿಯ ಏಣಿ ಸ್ಪಷ್ಟವಾಗಿರುವುದು ಬೆಂಗಳೂರಿನ ಲೀಗಿನಲ್ಲಿ. ಅಲ್ಲಿ ಸಿ, ಬಿ, ಎ ಡಿವಿಷನ್‌ಗಳ ಮೇಲೆ ಸೂಪರ್ ಡಿವಿಷನ್ ಇದೆ. ಅಲ್ಲಿಂದಾಚೆ ರಾಷ್ಟ್ರೀಯ ಮಟ್ಟದ ಏಣಿ. ಅದರ ಎರಡು ಪ್ರಸಂಗಗಳು ಇಲ್ಲಿ ಸಾಕು.

2018ರ ಮೇ ತಿಂಗಳಲ್ಲಿ ಐ-ಲೀಗ್ ಎರಡನೆಯ ಡಿವಿಷನ್‌ನ ಕೊನೆಯ ಸುತ್ತು ಬೆಂಗಳೂರಿನಲ್ಲೇ ನಡೆಯಿತು. ಸ್ಥಳೀಯ ಓಝೋನ್ ತಂಡ ಕಣದಲ್ಲಿತ್ತು. ಮನೆಯ ಮೈದಾನದ ಅನುಕೂಲವಿದ್ದರೂ ಬಡ್ತಿ ದಕ್ಕಲಿಲ್ಲ. ಮೇಲೇರಿದ್ದು ಎರಡೇ ವರ್ಷ ಹಳೆಯದಾದ ರಿಯಲ್ ಕಾಶ್ಮೀರ್. ಸ್ಕಾಟ್ಲೆಂಡಿನ ಡೇವಿಡ್ ರಾಬರ್ಟ್‌ಸನ್ ತರಬೇತಿಯ ಆ ತಂಡ ಮೇ 30ರಂದು ದೆಹಲಿಯ ಹಿಂದೂಸ್ತಾನ್ ತಂಡವನ್ನು 3–2ರಿಂದ ಸೋಲಿಸಿತು. ಮುಂದಿನ ಋತುವಿನ ಮೊದಲ ಪಂದ್ಯದಲ್ಲೇ ಹಾಲಿ ಚಾಂಪಿಯನ್ ಮಿನರ್ವ ಪಂಜಾಬನ್ನು ಅವರದೇ ನೆಲದಲ್ಲಿ ಮಣಿಸಿ, ಕೊನೆಗೆ ಲೀಗಿನಲ್ಲಿ ಮೂರನೆಯ ಸ್ಥಾನ ಪಡೆಯಿತು.

ಎರಡನೆಯದು ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು. ರಾಜ್ಯದ ಸೂಪರ್ ಡಿವಿಷನ್ ಪ್ರಶಸ್ತಿಯ ಬೆನ್ನಿಗೆ ಈ ಕ್ಲಬ್ 2023–24ರ ಐ-ಲೀಗ್ 2 ಗೆದ್ದು, ಗೋವಾದ ಡೆಂಪೊ ಜೊತೆಗೆ ಬಡ್ತಿ ಪಡೆಯಿತು. ಕೆಳಗಿನ ಮೆಟ್ಟಿಲಿನಲ್ಲಿ ಗೆದ್ದ ಅನುಭವ ಮೇಲಿನದಕ್ಕೆ ಬಂಡವಾಳವಾಗುತ್ತದೆ ಎಂಬುದಕ್ಕೆ ಇದು ಹೊಂದುತ್ತದೆ. ಆದರೆ 2024–25ರಲ್ಲಿ ಅದೇ ತಂಡ ಐ-ಲೀಗಿನಿಂದ ಹಿಂಬಡ್ತಿ ಕಂಡಿತು. ಏರಿಸಿದ ಧೈರ್ಯವೊಂದೇ ಮೇಲೆ ನಿಲ್ಲಿಸಲಾರದು, ಅದಕ್ಕೆ ಆಟಗಾರರ ಬಲ, ಹಣ, ಸಿದ್ಧತೆ ಎಲ್ಲವೂ ಬೇಕು ಎಂಬ ಮಿತಿಯನ್ನು ಈ ಪ್ರಸಂಗವೇ ಹಾಕಿಕೊಡುತ್ತದೆ.

ಬಡ್ತಿಯ ಪಂದ್ಯವಲ್ಲದಿದ್ದರೂ 2023ರ ಮಾರ್ಚ್ 4ರ ಸಂತೋಷ್ ಟ್ರೋಫಿ ಫೈನಲ್ ಇಲ್ಲಿ ನೆನೆಯತಕ್ಕದ್ದು. ರಿಯಾದ್‌ನಲ್ಲಿ ರವಿಬಾಬು ರಾಜು ತರಬೇತಿಯ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಬರ ನೀಗಿಸಿತು. ಹಿಂದಿನ ಗೆಲುವು 1968–69ರಲ್ಲಿ, ಮೈಸೂರು ಎಂಬ ಹೆಸರಿನಲ್ಲಿ ಬಂದದ್ದು. ಎರಡನೆಯ ನಿಮಿಷದಲ್ಲೇ ಗೋಲು ಹೊಡೆದು, ಎದುರಾಳಿ ಸಮ ಮಾಡಿದ ಮೇಲೂ ಮತ್ತೆರಡು ಗೋಲು ಹೊಡೆದ ಆ ಆಟದಲ್ಲಿ, ಐವತ್ತು ವರ್ಷಗಳ ಭಾರ ಹೊತ್ತವರ ಅಳುಕು ಕಾಣಲಿಲ್ಲ.

8. ನಿರ್ಣಯ

ಮೇಲಿನ ಸಾಮಗ್ರಿಯಿಂದ ಮೂರು ಮಾತು ಹೇಳಬಹುದು. ಒಂದು, ಧೈರ್ಯ ಋತುವಿನ ಬೆಳೆ. ಪಣವನ್ನು ತೆಂಗಿನಕಾಯಿಯಿಂದ ಕಡಗದವರೆಗೆ ಏರಿಸುತ್ತಾ ಹೋದ ತಂಡಕ್ಕೆ ಕೊನೆಯ ಪಂದ್ಯ ಇನ್ನೊಂದು ಮೆಟ್ಟಿಲಾಗಿ ಕಾಣುತ್ತದೆ. ಎರಡು, ಕೊನೆಯ ವಾರ ಹೊಸದನ್ನು ಕಲಿಸುವ ಕಾಲವಲ್ಲ, ಅನಿಶ್ಚಿತತೆ ಕಳೆಯುವ ಕಾಲ. ಆಡುವ ಹನ್ನೊಂದು ಜನ ಯಾರು, ಯಾರ ಕೆಲಸ ಏನು, ಪೆನಾಲ್ಟಿ ಸಿಕ್ಕರೆ ಒದೆಯುವವರು ಯಾರು, ಬಸ್ಸಿನ ಖರ್ಚು ಯಾರದು ಎಂಬುದೆಲ್ಲ ಮೂರು ದಿನ ಮುಂಚೆಯೇ ಇತ್ಯರ್ಥವಾಗಿರಬೇಕು. ಮೂರು, ಸೋಲಿನ ಪರಿಣಾಮ ತರಬೇತುದಾರನ ಪಾಲು, ಆಟ ಹುಡುಗರ ಪಾಲು. ‘ಸೋತರೆ ಊರಿಗೆ ಮುಖ ತೋರಿಸಬೇಡಿ’ ಎನ್ನುವ ಮಾಸ್ತರರು ತಮ್ಮ ಪಾಲನ್ನು ಹುಡುಗರಿಗೆ ಹಂಚುತ್ತಿದ್ದಾರೆ. ಹಿಂದಿನ ರಾತ್ರಿಯ ಮಾತು ಇವೆಲ್ಲ ಇದ್ದಲ್ಲಿ ಚೆಂದದ ಸೇರ್ಪಡೆ, ಇಲ್ಲದಲ್ಲಿ ಬರಿ ಸದ್ದು.

ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ದೈಹಿಕ ಶಿಕ್ಷಕರಲ್ಲಿ ಒಂದು ವಿನಂತಿ. ಶಾಲೆ ಶುರುವಾದ ಮೊದಲ ತಿಂಗಳಲ್ಲೇ ಅಕ್ಕಪಕ್ಕದ ನಾಲ್ಕು ಶಾಲೆಗಳು ಸೇರಿ ಎಡಗಾಲಿನ ಪಂದ್ಯಾವಳಿಯೊಂದನ್ನು ನಡೆಸಲಿ. ಸಂತೆಯ ದಿನ, ಜನ ನಿಂತು ನೋಡುವಂಥ ಜಾಗದಲ್ಲಿ ನಡೆಸಲಿ. ಇನಾಮು ತೆಂಗಿನಕಾಯಿಯೇ ಇರಲಿ. ಖರ್ಚು ಅತ್ಯಲ್ಪ, ರೂಢಿ ಈ ನೆಲದ್ದೇ. ತಾಲ್ಲೂಕು ಮಟ್ಟದ ಪಂದ್ಯಗಳು ಬರುವ ಹೊತ್ತಿಗೆ, ನಾಲ್ಕು ಜನರೆದುರು ತಪ್ಪಿ, ಎದ್ದು, ಮತ್ತೆ ಆಡಿದ ಅನುಭವ ಪ್ರತಿ ಹುಡುಗ ಹುಡುಗಿಗೂ ದಕ್ಕಿರುತ್ತದೆ.